ಪಿಎಚ್ ಇರುವವರ ತೋಳಿನ ಬಲ: ಯಾವ ಪರೀಕ್ಷೆ, ಯಾವ ವ್ಯಾಯಾಮ, ಮನೆಗೆಲಸಕ್ಕೆ ಯಾವ ದಾರಿ

ಪಲ್ಮನರಿ ಹೈಪರ್‌ಟೆನ್ಷನ್ (ಪಿಎಚ್), ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಾಗುವ ಕಾಯಿಲೆ, ಇರುವವರನ್ನು ಆಸ್ಪತ್ರೆಯಲ್ಲಿ ನಡೆಸಿ ಅಳೆಯುತ್ತಾರೆ. 30 ಮೀಟರ್ ಉದ್ದದ ಕಾರಿಡಾರಿನಲ್ಲಿ 6 ನಿಮಿಷ ಅತ್ತಿಂದಿತ್ತ ಓಡಾಡಿಸಿ, ಎಷ್ಟು ದೂರ ನಡೆದರು ಎಂದು ಬರೆದುಕೊಳ್ಳುತ್ತಾರೆ. 440 ಮೀಟರ್ ದಾಟಿದವರಿಗೆ ಅಪಾಯ ಕಡಿಮೆ, 165 ಮೀಟರ್ ಕೂಡ ಮುಟ್ಟದವರಿಗೆ ಹೆಚ್ಚು ಎಂದು 2022ರ ಯುರೋಪಿನ ಮಾರ್ಗಸೂಚಿ ಗೆರೆ ಎಳೆದಿದೆ. ಔಷಧ ಬದಲಿಸಲು ಈ ಅಂಕಿ ಬೇಕೇ ಬೇಕು. ಆದರೆ ಮನೆಗೆ ಬಂದ ರೋಗಿ ದೂರುವುದು ಬೇರೆಯೇ: ಜಡೆ ಹಾಕಿಕೊಳ್ಳುವಾಗ ಕೈ ಸೋಲುತ್ತದೆ, ತಲೆಗೆ ನೀರು ಹುಯ್ದುಕೊಳ್ಳುವಾಗ ದಮ್ಮು ಕಟ್ಟುತ್ತದೆ, ಬಟ್ಟೆ ಒಣಹಾಕಿ ಬಂದು ಹತ್ತು ನಿಮಿಷ ಕೂರಬೇಕಾಗುತ್ತದೆ. ಇವೆಲ್ಲ ತೋಳಿನ ಕೆಲಸ. ನಡಿಗೆಯ ಅಂಕಿಯಲ್ಲಿ ಇವು ಕಾಣಿಸುವುದಿಲ್ಲ.

ತೋಳಿನ ಬಲ ಅಳೆಯಲು ಇರುವ ದಾರಿಗಳು ಹಲವು, ಬೆಳೆಸಲು ಇರುವ ದಾರಿಗಳೂ ಹಲವು. ಯಾವುದು ಯಾರಿಗೆ ಎಂಬುದನ್ನು ಇಲ್ಲಿ ಬಿಡಿಸಿಟ್ಟಿದೆ. ರೋಗಿಗಳು, ಮನೆಯವರು, ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟರು ಎಲ್ಲರೂ ಓದಬಹುದು. ಅವಸರದಲ್ಲಿ ಇರುವವರಿಗೆ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಪರೀಕ್ಷೆಗಳಲ್ಲಿ ಗೂಟ-ರಿಂಗ್ ಪರೀಕ್ಷೆ, ವ್ಯಾಯಾಮಗಳಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ, ಮನೆಗೆಲಸದಲ್ಲಿ ಹೆಗಲಿನಿಂದ ಕೆಳಗೆ ಕೈ. ಉಳಿದದ್ದೆಲ್ಲ ಇದರ ವಿವರ ಮತ್ತು ಇದಕ್ಕೆ ಇರುವ ಅಪವಾದ.

ಕಾಲಿಗಿಂತ ಮೊದಲು ಕೈ ಏಕೆ ಸೋಲುತ್ತದೆ

ತೋಳಿನ ಸ್ನಾಯು ಚಿಕ್ಕದು. ಅಷ್ಟೇ ಕೆಲಸವನ್ನು ಕಾಲಿನ ಬದಲು ಕೈಯಿಂದ ಮಾಡಿದರೆ ಎದೆಬಡಿತವೂ ರಕ್ತದೊತ್ತಡವೂ ಹೆಚ್ಚು ಏರುತ್ತವೆ. ಆರೋಗ್ಯವಂತರಲ್ಲೂ ಕೈಯಿಂದ ತಿರುಗಿಸುವ ಸೈಕಲ್‌ನಲ್ಲಿ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕಾಲಿನ ಸೈಕಲ್‌ನದರ ಸುಮಾರು 70% ಮಾತ್ರ. ಪಿಎಚ್‌ನಲ್ಲಿ ಹೃದಯದ ಬಲಭಾಗ ಬಿಗಿಯಾದ ರಕ್ತನಾಳಗಳ ಎದುರು ತಳ್ಳಬೇಕು. ಒಂದು ಬಡಿತಕ್ಕೆ ಹೊರಡುವ ರಕ್ತವನ್ನು ಅದು ಬೇಕೆಂದಾಗ ಹೆಚ್ಚಿಸಲಾರದು, ಬಡಿತದ ವೇಗವನ್ನಷ್ಟೇ ಏರಿಸಬಲ್ಲದು. ಆದ್ದರಿಂದ ಸಣ್ಣ ಕೆಲಸಕ್ಕೂ ಬೇಗನೆ ಮಿತಿ ಮುಟ್ಟುತ್ತದೆ.

ಇನ್ನೊಂದು ತೊಡಕು ಹೆಗಲಿನದು. ಕತ್ತು, ಹೆಗಲು, ಎದೆಯ ಮೇಲ್ಭಾಗದ ಕೆಲವು ಸ್ನಾಯುಗಳು ಎರಡು ಕಡೆ ದುಡಿಯುತ್ತವೆ: ಕೈ ಎತ್ತಿ ಹಿಡಿಯುವುದೂ ಅವೇ, ಏದುಸಿರು ಬಂದಾಗ ಪಕ್ಕೆಲುಬನ್ನು ಮೇಲಕ್ಕೆಳೆದು ಉಸಿರಾಟಕ್ಕೆ ನೆರವಾಗುವುದೂ ಅವೇ. ಕೈ ಮೇಲಿದ್ದಷ್ಟು ಹೊತ್ತು ಉಸಿರಾಟಕ್ಕೆ ಆ ನೆರವು ಸಿಗುವುದಿಲ್ಲ. ಆದ್ದರಿಂದಲೇ ತಲೆ ಬಾಚುವಂಥ ಹಗುರ ಕೆಲಸ, ನಿಧಾನ ನಡಿಗೆಗಿಂತ ಹೆಚ್ಚು ದಮ್ಮು ತರಿಸುತ್ತದೆ.

ಭಾರ ಎತ್ತುವಾಗ, ಬಿಗಿ ಮುಚ್ಚಳ ತಿರುಗಿಸುವಾಗ ನಾವೆಲ್ಲ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಆಗ ಎದೆಗೂಡಿನ ಒಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಪಿಎಚ್ ಇರುವವರಿಗೆ ಆ ಹೊತ್ತಿನಲ್ಲೇ, ಇಲ್ಲವೇ ಉಸಿರು ಬಿಟ್ಟ ಮರುಕ್ಷಣ ಕಣ್ಣು ಕತ್ತಲೆ ಬರಬಹುದು, ಬಿದ್ದೂ ಬಿಡಬಹುದು. ಇಡೀ ಬರಹದಲ್ಲಿ ಒಂದೇ ಎಚ್ಚರಿಕೆ ನೆನಪಿಡುವುದಾದರೆ ಇದನ್ನೇ ಇಡಿ.

ಕೈಯನ್ನು ದೂರುವ ಮುನ್ನ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ ನೋಡಿಸಿ. ಪಿಎಚ್‌ನಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಪಿಎಚ್‌ಗೆ ಕೊಡುವ ಬೊಸೆಂಟಾನ್‌ನಂಥ ಮಾತ್ರೆಗಳು ಹಿಮೋಗ್ಲೋಬಿನ್ ಇಳಿಸುವುದೂ ಉಂಟು. ರಕ್ತ ಕಡಿಮೆ ಇರುವವರಿಗೆ ಡಂಬೆಲ್ ಕೊಟ್ಟು ಬಲ ಬರಲಿಲ್ಲ ಎಂದು ಬೇಸರಪಟ್ಟರೆ ಪ್ರಯೋಜನವಿಲ್ಲ.

ಪರೀಕ್ಷೆ ಆರಿಸುವುದು

ಗೂಟ-ರಿಂಗ್ ಪರೀಕ್ಷೆ ಮೂಲತಃ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಕಾಯಿಲೆ) ರೋಗಿಗಳಿಗಾಗಿ ಬಂದದ್ದು. ಈಚಿನ ವರ್ಷಗಳಲ್ಲಿ ತುರ್ಕಿಯ ಫಿಸಿಯೋಥೆರಪಿ ತಂಡಗಳು ಇದನ್ನು ಪಿಎಚ್ ಇರುವವರಲ್ಲೂ ಬಳಸಿ ನೋಡಿವೆ. ಸಾಮಾನು ಸರಳ: ನೆಟ್ಟಗೆ ನಿಂತ ಒಂದು ಹಲಗೆ, ಅದರಲ್ಲಿ ನಾಲ್ಕು ಗೂಟ. ಕೆಳಗಿನ ಎರಡು ಗೂಟ ಕುಳಿತವರ ಹೆಗಲಿನ ಮಟ್ಟಕ್ಕೆ, ಮೇಲಿನ ಎರಡು ಅದಕ್ಕಿಂತ 20 ಸೆಂ.ಮೀ. ಎತ್ತರಕ್ಕೆ. ತಲಾ 50 ಗ್ರಾಂ ತೂಗುವ 20 ರಿಂಗ್, ಕೆಳಗಿನ ಒಂದೊಂದು ಗೂಟಕ್ಕೆ ಹತ್ತು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ಒಂದೊಂದು ರಿಂಗ್ ಹಿಡಿದು, ಒಟ್ಟಿಗೇ ಮೇಲಿನ ಗೂಟಕ್ಕೆ ಹಾಕಬೇಕು. ಎಲ್ಲ ಮೇಲೆ ಹೋದ ಮೇಲೆ ಅದೇ ರೀತಿ ಕೆಳಗೆ. 6 ನಿಮಿಷದಲ್ಲಿ ಎಷ್ಟು ರಿಂಗ್ ಸರಿದವು ಎಂಬುದೇ ಅಂಕ. ಸುಸ್ತಾದರೆ ನಿಲ್ಲಿಸಿ ಸುಧಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ.

ನಾವು ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ. ಕೈಗೆ ಆಸರೆ ಇಲ್ಲ, ಹೆಗಲಿನ ಮಟ್ಟ, ಕಡಿಮೆ ಭಾರ, ಮತ್ತೆ ಮತ್ತೆ ಅದೇ ಚಲನೆ: ಅಡುಗೆಮನೆಯ ಕಪಾಟು, ಬಟ್ಟೆ ತಂತಿ, ಜಡೆ ಎಲ್ಲವೂ ಹೀಗೇ ಇರುತ್ತವೆ. ವೇಗವನ್ನು ರೋಗಿಯೇ ನಿರ್ಧರಿಸುವುದರಿಂದ ದೇಹ ತಡೆಯುವಷ್ಟೇ ಮಾಡುತ್ತಾರೆ. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ.

ಮಾಡಿಸುವಾಗ ಎಡವುವ ಜಾಗಗಳು ಇವು. ಹಲಗೆಯನ್ನು ಒಂದೇ ಎತ್ತರಕ್ಕೆ ಗೋಡೆಗೆ ಬಡಿದುಬಿಡುತ್ತಾರೆ. ಕುಳ್ಳಗಿರುವವರಿಗೆ ಕೆಳಗಿನ ಗೂಟವೇ ಕಿವಿಯ ಮಟ್ಟಕ್ಕೆ ಬಂದು ಅಂಕ ಕುಸಿಯುತ್ತದೆ. ಎರಡು ಕಂಬಕ್ಕೆ 5 ಸೆಂ.ಮೀ. ಅಂತರದಲ್ಲಿ ತೂತು ಹೊಡೆಸಿ ಹಲಗೆಯನ್ನು ಏರಿಸಿ ಇಳಿಸುವಂತೆ ಮಾಡಿಸಿ. ರಿಂಗಿನ ಬದಲು ಬಳೆ ಹಾಕುವವರಿದ್ದಾರೆ, ಅವು ಹಗುರವಾಗಿ ಲೆಕ್ಕ ತಪ್ಪುತ್ತದೆ. ಒಂದೊಂದನ್ನೂ ತೂಗಿ ನೋಡಿ. ಗೂಟದ ತುದಿ ಸ್ವಲ್ಪ ಮೇಲಕ್ಕೆ ಓರೆಯಾಗಿರಲಿ, ಇಲ್ಲದಿದ್ದರೆ ರಿಂಗ್ ಜಾರಿ ಬಿದ್ದು ಎಣಿಕೆ ಗಲಿಬಿಲಿಯಾಗುತ್ತದೆ. ಕುರ್ಚಿಯಿಂದ ಬೆನ್ನು ಮುಂದಕ್ಕೆ ಬಿಟ್ಟು ಸೊಂಟದಿಂದ ಎಳೆದಾಡಲು ಬಿಡಬೇಡಿ. ಮೊದಲ ಸಲಕ್ಕಿಂತ ಎರಡನೆಯ ಸಲ ಎಲ್ಲರೂ ಚುರುಕಾಗುತ್ತಾರೆ, ಅದು ಬಲ ಬಂದದ್ದಲ್ಲ, ಅಭ್ಯಾಸವಾದದ್ದು. ಆದ್ದರಿಂದ ನಡುವೆ ಚೆನ್ನಾಗಿ ವಿಶ್ರಾಂತಿ ಕೊಟ್ಟು, ಆಗದಿದ್ದರೆ ಮರುದಿನ, ಎರಡು ಸಲ ಮಾಡಿಸಿ ಹೆಚ್ಚಿನ ಅಂಕ ಬರೆದುಕೊಳ್ಳಿ.

ಬಾರ್ ಎತ್ತುವ ಪರೀಕ್ಷೆ ಇದರ ಕಟ್ಟುನಿಟ್ಟಿನ ದಾಯಾದಿ. ಯುಯುಎಲ್‌ಇಎಕ್ಸ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಗೋಡೆಯ ಮೇಲೆ 8 ಮಟ್ಟಗಳ ಪಟ್ಟಿ, ಎದುರು ಕುಳಿತ ರೋಗಿಯ ಕೈಯಲ್ಲಿ 0.2 ಕೆ.ಜಿ. ಬಾರ್, ತಾಳ ಬಡಿಯುವ ಯಂತ್ರ (ಮೆಟ್ರೊನೋಮ್) ನಿಮಿಷಕ್ಕೆ 30 ಬಡಿತ. ಕೆಳಗಿನ ಮಟ್ಟದಲ್ಲಿ 2 ನಿಮಿಷ ಮೈ ಸಡಿಲಿಸಿ, ಆಮೇಲೆ ನಿಮಿಷಕ್ಕೊಂದು ಮಟ್ಟ ಏರಬೇಕು. ಮೇಲಿನ ಮಟ್ಟ ಮುಟ್ಟಿದ ಮೇಲೆ ಬಾರಿನ ತೂಕ ಹಂತಹಂತವಾಗಿ 2 ಕೆ.ಜಿ.ವರೆಗೆ ಏರುತ್ತದೆ. ಎಷ್ಟು ಹೊತ್ತು ತಾಳಿದರು ಎಂಬುದು ಅಂಕ. ವೇಗ ಯಂತ್ರದ್ದಾದ್ದರಿಂದ ಇಬ್ಬರ ಅಂಕವನ್ನು ಹೋಲಿಸಲು ಇದೇ ಮೇಲು. ತೊಂದರೆಯೂ ಅಲ್ಲೇ ಇದೆ. ಇದು ರೋಗಿಯನ್ನು ತಾಳ್ಮೆಯ ಕೊನೆಯವರೆಗೆ ಒಯ್ಯುತ್ತದೆ. ಹಿಂದೆ ಎಚ್ಚರ ತಪ್ಪಿದವರಿಗೆ ಬೇಡ. ವೈದ್ಯರೂ ಆಮ್ಲಜನಕವೂ ಅದೇ ಕೋಣೆಯಲ್ಲಿ ಇರಬೇಕು.

ಕೈಸೈಕಲ್, ಅಂದರೆ ಆರ್ಮ್ ಎರ್ಗೋಮೀಟರ್, ಸಂಶೋಧನಾಲಯಕ್ಕೆ ಸರಿ. ಹಿಡಿಕೆಯ ಅಚ್ಚು ಹೆಗಲಿನ ನೇರಕ್ಕೆ ಬರುವಂತೆ ಕೂರಿಸಿ, ನಿಮಿಷಕ್ಕೆ 50ರಿಂದ 60 ಸುತ್ತು, ಭಾರ ಸ್ವಲ್ಪ ಸ್ವಲ್ಪವೇ ಏರಿಕೆ, ಇಸಿಜಿ ಹಚ್ಚಿಟ್ಟು. ಉಸಿರಿನ ಅನಿಲ ಅಳೆಯುವ ಮಾಸ್ಕ್ ಕೂಡ ಇದ್ದರೆ ಹೃದಯದ್ದೆಷ್ಟು, ಸ್ನಾಯುವಿನದ್ದೆಷ್ಟು ಎಂದು ಬೇರೆ ಮಾಡಿ ಹೇಳಬಲ್ಲದು. ಬೇರಾವ ಪರೀಕ್ಷೆಗೂ ಆ ಸೂಕ್ಷ್ಮ ಇಲ್ಲ. ಆದರೆ ಮನೆಯಲ್ಲಿ ಯಾರೂ ಹಿಡಿಕೆ ತಿರುಗಿಸುತ್ತ ಕೂರುವುದಿಲ್ಲ. ಹಿಡಿಕೆಯೇ ಕೈಗೆ ಆಸರೆ ಕೊಡುವುದರಿಂದ ಇಲ್ಲಿ ಚೆನ್ನಾಗಿ ಮಾಡಿದವರೂ ಬಟ್ಟೆ ತಂತಿಯ ಕೆಳಗೆ ಸೋಲುತ್ತಾರೆ. ಇದಕ್ಕಾಗಿ ದೂರದೂರಿಂದ ಬೆಂಗಳೂರಿಗೆ ಬರಬೇಕಾಗಿಲ್ಲ.

ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಅಗ್ಗ, ಎರಡು ನಿಮಿಷದ ಕೆಲಸ. ಕೂತು, ಮೊಣಕೈ 90 ಡಿಗ್ರಿ ಮಡಚಿ, ಉಸಿರು ಬಿಡುತ್ತ ಹಿಸುಕಬೇಕು. ಮೂರು ಸಲದಲ್ಲಿ ಹೆಚ್ಚಿನದು ಲೆಕ್ಕಕ್ಕೆ. ಏಷ್ಯಾದವರಿಗೆ 2019ರಲ್ಲಿ ಗೊತ್ತುಮಾಡಿದ ಮಿತಿಯಂತೆ ಗಂಡಸರಲ್ಲಿ 28 ಕೆ.ಜಿ.ಗಿಂತ, ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಬಂದರೆ ಹಿಡಿತ ದುರ್ಬಲ. ಇಡೀ ಮೈಯ ಸ್ನಾಯು ಸವೆದಿದೆಯೇ ಎಂಬ ಸುಳಿವು ಇದರಿಂದ ಸಿಗುತ್ತದೆ. ಇದನ್ನೇ ತೋಳಿನ ಕಸುವು ಎಂದುಕೊಳ್ಳುವುದು ಮಾತ್ರ ತಪ್ಪು. ಕ್ಷಣದ ಹಿಡಿತ ಬೇರೆ, ಆರು ನಿಮಿಷ ಕೈ ಎತ್ತಿ ದುಡಿಯುವುದು ಬೇರೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಡಂಬೆಲ್ ಮಡಚುತ್ತೀರಿ ಎಂಬ ಪರೀಕ್ಷೆಯೂ ಹೀಗೆಯೇ. ಹೆಂಗಸರಿಗೆ 2.3 ಕೆ.ಜಿ., ಗಂಡಸರಿಗೆ 3.6 ಕೆ.ಜಿ. ಎಂಬ ಅದರ ತೂಕ ಆರೋಗ್ಯವಾಗಿರುವ ಹಿರಿಯರಿಗಾಗಿ ಇಟ್ಟದ್ದು. ಪಿಎಚ್‌ನಲ್ಲಿ ಗಟ್ಟಿಯಾಗಿ ಉಸಿರು ಹಿಡಿಸುವಷ್ಟು ಭಾರ ಅದು, ಬಿಟ್ಟುಬಿಡಿ.

ಗ್ಲಿಟ್ರೆ ಪರೀಕ್ಷೆ ಕೈ, ಕಾಲು, ಸೊಂಟ ಎಲ್ಲವನ್ನೂ ಒಟ್ಟಿಗೆ ನೋಡುತ್ತದೆ. ಬೆನ್ನಿಗೆ ಚೀಲ (ಹೆಂಗಸರಿಗೆ 2.5 ಕೆ.ಜಿ., ಗಂಡಸರಿಗೆ 5 ಕೆ.ಜಿ.), ಕುರ್ಚಿಯಿಂದ ಎದ್ದು, 10 ಮೀಟರ್ ನಡೆದು, ನಡುವೆ ಮೆಟ್ಟಿಲು ಹತ್ತಿಳಿದು, ತಲಾ 1 ಕೆ.ಜಿ.ಯ ಮೂರು ಡಬ್ಬಿಗಳನ್ನು ಹೆಗಲೆತ್ತರದ ಹಲಗೆಯಿಂದ ಸೊಂಟದೆತ್ತರಕ್ಕೆ, ಅಲ್ಲಿಂದ ನೆಲಕ್ಕೆ, ಮತ್ತೆ ಅದೇ ದಾರಿಯಲ್ಲಿ ಮೇಲಕ್ಕೆ ಇಟ್ಟು ಹಿಂದಿರುಗಬೇಕು. ಹೀಗೆ ಐದು ಸುತ್ತು, ಆದಷ್ಟು ಬೇಗ. ದಿನದ ಕೆಲಸಕ್ಕೆ ಇಷ್ಟು ಹತ್ತಿರದ ಪರೀಕ್ಷೆ ಇನ್ನೊಂದಿಲ್ಲ. ಆದರೆ ನೆಲಕ್ಕೆ ಬಗ್ಗಿ ಏಳುವಾಗ ತಲೆಸುತ್ತು ಬರುವವರಿಗೆ ಅಪಾಯಕಾರಿ. ದಿನಚರಿಯಲ್ಲಿ ತೊಂದರೆ ಸ್ವಲ್ಪವೇ ಇರುವ, ಕೆಲಸಕ್ಕೆ ಮರಳುವ ಯೋಚನೆಯಲ್ಲಿರುವ ರೋಗಿಗೆ ಇದನ್ನು ಆರಿಸಿ.

ಪ್ರಶ್ನಾವಳಿಗಳ ಬಗ್ಗೆ ಒಂದು ಮಾತು. ಲಂಡನ್ ಚೆಸ್ಟ್ ಎಂಬ ದಿನಚರಿ ಪಟ್ಟಿಯಲ್ಲಿ 15 ಕೆಲಸಗಳಿವೆ, ಪ್ರತಿಯೊಂದಕ್ಕೂ 0ರಿಂದ 5, ಒಟ್ಟು 75. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. 0 ಎಂದರೆ ‘ಈ ಕೆಲಸ ನಾನು ಮಾಡುವುದೇ ಇಲ್ಲ’. ನಮ್ಮ ಮನೆಗಳಲ್ಲಿ ಕಸ ಗುಡಿಸದ, ಹಾಸಿಗೆ ಮಡಚದ ಗಂಡಸು ಈ ಪಟ್ಟಿಯಲ್ಲಿ ಭಾರಿ ಆರೋಗ್ಯವಂತನಾಗಿ ಹೊರಬರುತ್ತಾನೆ! ಸೊಸೆ ಬಂದ ಮೇಲೆ ಅಡುಗೆ ಬಿಟ್ಟ ಅತ್ತೆಯೂ ಅಷ್ಟೇ. ಆದ್ದರಿಂದ ಒಟ್ಟು ಅಂಕಕ್ಕಿಂತ ‘ಯಾವ ಕೆಲಸ ಬಿಟ್ಟಿರಿ, ಏಕೆ ಬಿಟ್ಟಿರಿ’ ಎಂದು ಕೇಳುವುದು ಮೇಲು. ಪಿಎಚ್‌ಗೆಂದೇ ಇರುವ ಎಂಫಸಿಸ್-10 ಹತ್ತೇ ಪ್ರಶ್ನೆಯದು, ಗರಿಷ್ಠ 50. ಬೇಗ ಮುಗಿಯುತ್ತದೆ, ಆದರೆ ತೋಳಿನ ಬಗ್ಗೆ ಪ್ರತ್ಯೇಕವಾಗಿ ಏನನ್ನೂ ಹೇಳುವುದಿಲ್ಲ.

ಅಂಕಿ ಕೈಗೆ ಬಂದ ಮೇಲೆ

ಪರೀಕ್ಷೆಗೆ ಮುಂಚೆ, ನಡುವೆ, ಮುಗಿದ ಮೇಲೆ ಮೂರು ಸಲ ಬರೆಯಬೇಕಾದ್ದು: ನಾಡಿ, ಆಮ್ಲಜನಕದ ಮಟ್ಟ, 0ರಿಂದ 10ರ ಬೋರ್ಗ್ ಅಳತೆಯಲ್ಲಿ (0 ಎಂದರೆ ಏನೂ ಇಲ್ಲ, 10 ಎಂದರೆ ತಾಳಲಾರದಷ್ಟು) ದಮ್ಮು ಎಷ್ಟು ಮತ್ತು ತೋಳಿನ ದಣಿವು ಎಷ್ಟು. ಈ ಕೊನೆಯ ಎರಡನ್ನು ಬೇರೆ ಬೇರೆಯಾಗಿಯೇ ಕೇಳಿ. ‘ಸುಸ್ತು’ ಎಂದು ಒಟ್ಟಾಗಿ ಕೇಳಿದರೆ ಉತ್ತರದಿಂದ ಉಪಯೋಗವಿಲ್ಲ.

ನಡಿಗೆ ಚೆನ್ನಾಗಿದ್ದು, ರಿಂಗ್ ಕಡಿಮೆ ಬಂದು, ರೋಗಿ ‘ದಮ್ಮು ಕಟ್ಟಲಿಲ್ಲ, ರಟ್ಟೆ ಸೋತಿತು’ ಎಂದರೆ ಸ್ನಾಯು ಬಳಕೆ ತಪ್ಪಿದೆ ಎಂದರ್ಥ. ಹೆಗಲಿನ ಕೀಲು ಬಿಗಿದಿದೆಯೇ, ಕತ್ತಿನ ನರದ ತೊಂದರೆಯೇ ಎಂದೂ ನೋಡಿ. ವ್ಯಾಯಾಮಕ್ಕೆ ತಕ್ಕ ಫಲ ಸಿಗುವುದು ಇವರಿಗೇ. ನಡಿಗೆಯೂ ಕಡಿಮೆ, ರಿಂಗೂ ಕಡಿಮೆ, ದಮ್ಮು 7-8 ಎಂದರೆ ಮಾತು ಹೃದಯದ ಕಡೆಗೆ ಹೊರಳಬೇಕು. ಔಷಧ ಸಾಕಾಗಿದೆಯೇ ಎಂದು ವೈದ್ಯರು ಮತ್ತೆ ನೋಡಬೇಕು. ತೋಳು ಎತ್ತಿದಾಗ ತಲೆ ಹಗುರಾಗುವುದು, ಎದೆ ನೋವು, ಕಣ್ಣು ಮಂಜಾಗುವುದು ಕಂಡರೆ ಪರೀಕ್ಷೆ ಅಲ್ಲೇ ನಿಲ್ಲಲಿ.

ಆಕ್ಸಿಮೀಟರ್ ಇಲ್ಲಿ ಬಹಳ ಮೋಸ ಮಾಡುತ್ತದೆ. ಅಲುಗುವ, ಎತ್ತಿದ, ತಣ್ಣಗಾದ ಬೆರಳಿನಲ್ಲಿ ಅಂಕಿ ಸುಳ್ಳು ಬರುತ್ತದೆ. ಉಗುರಿಗೆ ಬಣ್ಣ ಇದ್ದರೆ ಇನ್ನೂ ಕಷ್ಟ. ಸ್ಕ್ಲೆರೋಡರ್ಮಾದಿಂದ (ಚರ್ಮ ಗಟ್ಟಿಯಾಗುವ ಕಾಯಿಲೆ) ಪಿಎಚ್ ಬಂದವರ ಬೆರಳುಗಳಿಗೆ ರಕ್ತವೇ ಸರಿಯಾಗಿ ಹರಿಯುವುದಿಲ್ಲ. ಕಿವಿಯ ಹಾಲೆಗೆ ಅಥವಾ ಹಣೆಗೆ ಹಚ್ಚುವ ಸೆನ್ಸರ್ ಒಳ್ಳೆಯದು. ಹುಟ್ಟಿನಿಂದ ಇದ್ದ ಪಿಡಿಎ (ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವಿನ ನಾಳ) ಮುಚ್ಚದೆ ಉಳಿದು ಐಸೆನ್‌ಮೆಂಗರ್ (ಆ ನಾಳದ ಮೂಲಕ ಆಮ್ಲಜನಕ ಕಡಿಮೆಯಿರುವ ರಕ್ತ ಮೈಗೆ ಹರಿಯುವ ಸ್ಥಿತಿ) ಆದವರಲ್ಲಿ ಬಲಗೈ ಚೆನ್ನಾಗಿ ತೋರಿಸುವಾಗಲೇ ಕಾಲ್ಬೆರಳಿನಲ್ಲಿ ಆಮ್ಲಜನಕ ತೀರಾ ಕೆಳಗಿರಬಹುದು, ಎರಡು ಕಡೆಯೂ ಅಳೆಯಿರಿ.

ವ್ಯಾಯಾಮದ ಆಯ್ಕೆಗಳು

ಪಿಎಚ್‌ನವರು ವ್ಯಾಯಾಮ ಮಾಡಬಾರದು ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ. 2006ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 30 ರೋಗಿಗಳ ಮೇಲೆ 15 ವಾರ ನಡೆದ ಅಧ್ಯಯನ ಅದನ್ನು ಅಲುಗಾಡಿಸಿತು. ಮೊದಲ 3 ವಾರ ಆಸ್ಪತ್ರೆಯಲ್ಲಿ, ಉಳಿದ 12 ವಾರ ಮನೆಯಲ್ಲಿ. ಸೈಕಲ್, ನಡಿಗೆ, ಉಸಿರಾಟದ ವ್ಯಾಯಾಮದ ಜೊತೆಗೆ 500ರಿಂದ 1000 ಗ್ರಾಂ ಡಂಬೆಲ್. ಕೊನೆಗೆ ವ್ಯಾಯಾಮ ಮಾಡಿದವರ ಮತ್ತು ಮಾಡದವರ 6 ನಿಮಿಷದ ನಡಿಗೆಯಲ್ಲಿ 111 ಮೀಟರ್ ಅಂತರ ಬಂತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಲಾಭ ಅಷ್ಟಿಲ್ಲ, ಆದರೆ ಇದೆ. ಪಿಎಚ್‌ನ ಮೊದಲ ಗುಂಪಿನವರಲ್ಲಿ (ಶ್ವಾಸಕೋಶದ ಅಪಧಮನಿಗಳೇ ಕಿರಿದಾಗಿ ಕಾಯಿಲೆ ಬಂದವರು) ಔಷಧ ತೆಗೆದುಕೊಳ್ಳುತ್ತಿರುವವರಿಗೆ ಮೇಲ್ವಿಚಾರಣೆಯ ವ್ಯಾಯಾಮ ಕೊಡಿಸಬೇಕೆಂದು 2022ರ ಯುರೋಪಿನ ಮಾರ್ಗಸೂಚಿಯೂ ಬಲವಾಗಿ ಹೇಳುತ್ತದೆ.

ಯಾರು ಈಗಲೇ ಶುರು ಮಾಡಬಾರದು: ಔಷಧ ಬದಲಾಗಿ ಇನ್ನೂ ಸ್ಥಿರವಾಗದವರು, ಈಚೆಗೆ ಎಚ್ಚರ ತಪ್ಪಿದವರು, ಕೂತಲ್ಲೇ ದಮ್ಮಿರುವವರು, ಕಾಲು ಊದಿ ಕೆಲವೇ ದಿನಗಳಲ್ಲಿ 2 ಕೆ.ಜಿ. ಏರಿದವರು. ಶ್ವಾಸಕೋಶದ ಹಳೆಯ ಹೆಪ್ಪುಗಳನ್ನು ತೆಗೆಯಲು ಎದೆಮೂಳೆ ಕುಯ್ದು ಆಪರೇಷನ್ ಆದವರು ಮೂಳೆ ಕೂಡುವ ತನಕ ಕೈ ಭಾರ ಮುಟ್ಟಬಾರದು. ಎಷ್ಟು ವಾರ ಎಂಬುದನ್ನು ಸರ್ಜನ್ ಹೇಳಬೇಕು. ಹೊಸದಾಗಿ ಪೇಸ್‌ಮೇಕರ್ ಇಟ್ಟ ಕಡೆಯ ಕೈಗೂ ಹೀಗೆಯೇ ಸ್ವಲ್ಪ ಕಾಲ ರಜೆ.

ಇನ್ನು ಸಾಧನ. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿದರೆ ಅರ್ಧ ಕೆ.ಜಿ., ಅರ್ಧ ತುಂಬಿದರೆ ಕಾಲು ಕೆ.ಜಿ. ಇದನ್ನು ಮೀರಿಸುವ ಸಾಧನ ಅಂಗಡಿಯಲ್ಲಿ ಇಲ್ಲ. ತೂಕ ಖಚಿತ, ನೀರು ಸುರಿದು ಇಳಿಸಬಹುದು, ಸುಸ್ತಾದರೆ ಕೆಳಗಿಟ್ಟರಾಯಿತು. ಎಲಾಸ್ಟಿಕ್ ಬ್ಯಾಂಡ್ ಹಗುರವಾಗಿ ಕಂಡರೂ ಎಳೆದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಎಳೆತದ ಕೊನೆಗೆ ಬಂದಾಗ ಬಹುತೇಕರು ಉಸಿರು ಹಿಡಿಯುತ್ತಾರೆ. ಜೊತೆಗೆ ಒಂದು ಕಂಪನಿಯ ಕೆಂಪು ಇನ್ನೊಂದರ ಹಸಿರಿಗೆ ಸಮ ಇರಬಹುದು. ಬೆರಳಿನ ಗಂಟು ನೋವಿದ್ದು ಬಾಟಲಿ ಹಿಡಿಯಲಾಗದವರಿಗೆ ಬ್ಯಾಂಡನ್ನು ಮಣಿಕಟ್ಟಿಗೆ ಸುತ್ತಿ ಮಾಡಿಸಬಹುದು, ಅಷ್ಟು ಮಟ್ಟಿಗೆ ಅದು ಸರಿ. ಮೇಜಿನ ಮೇಲಿಡುವ ಕೈಪೆಡಲ್ ಯಂತ್ರ ತೀರಾ ದುರ್ಬಲರಿಗೆ ಮೊದಲ ಮೆಟ್ಟಿಲಾಗಬಹುದು, ಏಕೆಂದರೆ ಕೈಗೆ ಆಸರೆ ಸಿಗುತ್ತದೆ. ಆದರೆ ಅದರಲ್ಲೇ ಉಳಿದುಬಿಟ್ಟರೆ ಕೈ ಎತ್ತುವ ಕೆಲಸ ಸುಧಾರಿಸುವುದಿಲ್ಲ. ‘ಮನೆಗೆಲಸವೇ ವ್ಯಾಯಾಮ’ ಎನ್ನುವವರಿಗೆ: ಮನೆಗೆಲಸಕ್ಕೆ ಅಳತೆಯಿಲ್ಲ, ಇವತ್ತು ಹೆಚ್ಚು ನಾಳೆ ಕಡಿಮೆ. ನಡುವೆ ನಿಲ್ಲಿಸಲೂ ಆಗುವುದಿಲ್ಲ, ಒಲೆಯ ಮೇಲಿನದು ಸೀದುಹೋಗುತ್ತದೆ.

ಮಾಡುವ ಕ್ರಮ ಹೀಗೆ. ಊಟವಾಗಿ ಒಂದೂವರೆ ಗಂಟೆ ಕಳೆದಿರಲಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು, ಬರಿಗೈಯಲ್ಲಿ 3-4 ನಿಮಿಷ ಹೆಗಲು ತಿರುಗಿಸಿ. ಮೊದಲ ವಾರ ಬರಿಗೈಯಲ್ಲೇ ಮಾಡಿ, ಎರಡನೆಯ ವಾರ ಕಾಲು ಕೆ.ಜಿ. ಹಿಡಿಯಿರಿ. ಮೊದಲು ಮೊಣಕೈ ಮಡಚಿ ಬಿಡಿಸುವುದು, ಆಮೇಲೆ ಕೈ ಮುಂದಕ್ಕೆ ಹೆಗಲಿನ ಮಟ್ಟಕ್ಕೆ ಎತ್ತುವುದು, ಆಮೇಲೆ ಪಕ್ಕಕ್ಕೆ, ಕೊನೆಗೆ ಒಂದು ಸೊಂಟದಿಂದ ಎದುರು ಹೆಗಲಿಗೆ ಓರೆಯಾಗಿ. ಒಂದು ಸಲಕ್ಕೆ ಒಂದೇ ಕೈ. ಎತ್ತುವಾಗ ತುಟಿ ಚೂಪು ಮಾಡಿ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. 8ರಿಂದ 10 ಸಲ, ನಂತರ ಒಂದೆರಡು ನಿಮಿಷ ಕೈಯನ್ನು ತೊಡೆಯ ಮೇಲೆ ಬಿಟ್ಟು ವಿಶ್ರಾಂತಿ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ದಮ್ಮು ಬೋರ್ಗ್‌ನಲ್ಲಿ 3-4 ದಾಟಬಾರದು. ಇಡೀ ವಾಕ್ಯ ಮಾತಾಡಲು ಆಗುತ್ತಿರಬೇಕು. ಆಮ್ಲಜನಕ 85ರ ಕೆಳಗೆ ಇಳಿದರೆ, ನಾಡಿ 120 ದಾಟಿದರೆ ನಿಲ್ಲಿಸುವುದು ರೂಢಿಯ ಮಿತಿ. ನಿಮ್ಮ ವೈದ್ಯರು ಇನ್ನೂ ಬಿಗಿಯಾದ ಮಿತಿ ಹಾಕಿದ್ದರೆ ಅದೇ ಅಂತಿಮ.

ಹೆಚ್ಚಿಸುವಾಗ ಮೊದಲು ಎಣಿಕೆ, 15ರವರೆಗೆ. ಆಮೇಲೆ ಎರಡನೆಯ ಸುತ್ತು. ತೂಕ ಕೊನೆಯಲ್ಲಿ, ಒಂದು ಸಲಕ್ಕೆ ಕಾಲು ಕೆ.ಜಿ.ಗಿಂತ ಹೆಚ್ಚಿಲ್ಲ. ಗಂಡು ಹುಡುಗರು ಎಡವುವುದು ಇಲ್ಲೇ, ಮೂರನೆಯ ವಾರಕ್ಕೆ 3 ಕೆ.ಜಿ. ಡಂಬೆಲ್ ತಂದಿರುತ್ತಾರೆ. ತಲೆಯ ಮೇಲೆ ಎತ್ತುವ ಚಲನೆ ಕನಿಷ್ಠ ಆರು ವಾರ ಕಳೆದ ಮೇಲೆ, ಅದೂ ಮೇಲೆ ಹಿಡಿದು ನಿಲ್ಲಿಸದೆ. ಪುಷ್-ಅಪ್, ಪ್ಲ್ಯಾಂಕ್, ಹ್ಯಾಂಡ್‌ಗ್ರಿಪ್ ಹಿಸುಕಿ ಹಿಡಿಯುವುದು, ಭಸ್ತ್ರಿಕಾ ಮತ್ತು ಕುಂಭಕದ ಪ್ರಾಣಾಯಾಮ ಇವು ಯಾವುವೂ ಬೇಡ.

ಮನೆಯಲ್ಲಿ: ಇದಕ್ಕಿಂತ ಅದು ಮೇಲು

ಸ್ನಾನ ಎಲ್ಲಕ್ಕಿಂತ ಕಷ್ಟದ್ದು. ಬಿಸಿನೀರು ರಕ್ತನಾಳ ಹಿಗ್ಗಿಸುತ್ತದೆ, ಪಿಎಚ್‌ಗೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳೂ ಅದನ್ನೇ ಮಾಡುತ್ತವೆ, ಅದರ ಮೇಲೆ ಕೈ ಎತ್ತಿ ತಲೆ ಉಜ್ಜುವುದು. ಒಂದೇ ಸಲಕ್ಕೆ ರಕ್ತದೊತ್ತಡ ಕುಸಿದು ಬಚ್ಚಲಲ್ಲೇ ಬಿದ್ದವರುಂಟು. ಹಬೆಯಾಡುವ ನೀರಿಗಿಂತ ಉಗುರುಬೆಚ್ಚನೆ ನೀರು, ನಿಲ್ಲುವುದಕ್ಕಿಂತ ಪ್ಲಾಸ್ಟಿಕ್ ಸ್ಟೂಲ್, ಬಕೆಟ್ ನೆಲದಲ್ಲಿರುವುದಕ್ಕಿಂತ ಮೊಣಕಾಲೆತ್ತರದ ಕಟ್ಟೆಯ ಮೇಲೆ. ಒಂದು ಲೀಟರ್ ಮಗ್ ತುಂಬಿ ತಲೆಯ ಮೇಲೆ ಎತ್ತಿದರೆ ಒಂದು ಕೆ.ಜಿ. ಎತ್ತಿದಂತೆ, ಅರ್ಧ ತುಂಬಿ. ಕೈಷವರ್ ಹಾಕಿಸಿದರೆ ಎತ್ತುವ ಕೆಲಸವೇ ಇಲ್ಲ. ತಲೆಸ್ನಾನ ಮತ್ತು ಮೈಸ್ನಾನ ಬೇರೆ ಬೇರೆ ದಿನ ಮಾಡಿ. ಚಿಲಕ ಹಾಕಬೇಡಿ.

ಜಡೆ ಹಾಕುವಾಗ ಮೊಣಕೈಯನ್ನು ಮೇಜಿನ ಮೇಲೆ ಊರಿ, ತಲೆ ಕೈಯ ಕಡೆಗೆ ಬಾಗಿಸಿ. ಹಿಂಜಡೆಗಿಂತ ಪಕ್ಕದಲ್ಲಿ ಮುಂದಕ್ಕೆ ತಂದು ಹೆಣೆಯುವುದು ಸುಲಭ. ರವಿಕೆಗೆ ಮುಂದೆ ಹುಕ್, ಸೀರೆಗೆ ಮೊದಲೇ ಹೊಲಿದ ನೆರಿಗೆ.

ಅಡುಗೆಮನೆಯಲ್ಲಿ ಮುದ್ದೆ ತಿರುವುವುದನ್ನು ಪಟ್ಟಿಯ ತುದಿಗೆ ಇಡುತ್ತೇವೆ. ನಿಂತು, ಬಗ್ಗಿ, ಪಾತ್ರೆಯನ್ನು ಒತ್ತಿ ಹಿಡಿದು, ಮುದ್ದೆ ಕೋಲಿನಿಂದ ಬಲ ಹಾಕುವಾಗ ಉಸಿರು ಹಿಡಿಯದೆ ಇರಲು ಯಾರಿಂದಲೂ ಆಗದು. ಅದನ್ನು ಮನೆಯ ಇನ್ನೊಬ್ಬರಿಗೆ ಬಿಡಿ. ಬೆಂದ ಹಿಟ್ಟನ್ನು ಕೂತು ಉಂಡೆ ಕಟ್ಟುವುದು ನಿಮಗಿರಲಿ. ರೊಟ್ಟಿ ತಟ್ಟುವುದು ಇದಕ್ಕೆ ಹೋಲಿಸಿದರೆ ವಾಸಿ, ಕೈ ಹೆಗಲಿಗಿಂತ ಕೆಳಗಿರುತ್ತದೆ, ಲಯವೂ ನಿಮ್ಮದೇ. ಹಂಚಿನ ಝಳವೇ ಅಲ್ಲಿ ಶತ್ರು, ತಟ್ಟುವವರೊಬ್ಬರು ಬೇಯಿಸುವವರೊಬ್ಬರು ಆಗಲಿ. ಚಪಾತಿ ಲಟ್ಟಿಸುವುದು ಮೇಜಿನ ಮುಂದೆ ಕೂತಾದರೆ ಸರಿ, ಹಿಟ್ಟು ಗಟ್ಟಿಯಾಗಿ ನಾದುವುದು ಸರಿಯಲ್ಲ. ತುರಿಮಣೆಯ ಮೇಲೆ ಕೂತು ಕಾಯಿ ತುರಿಯುವಾಗ ಹೊಟ್ಟೆ ಮಡಚಿ ವಪೆ ಮೇಲಕ್ಕೆ ಒತ್ತುತ್ತದೆ. ಬಗ್ಗಿದಾಗಲೇ ದಮ್ಮು ಬರುವವರು ಮೇಜಿಗೆ ಕಚ್ಚಿಸುವ ತುರಿಯಂತ್ರ ತರಿಸಿ, ಇಲ್ಲವೇ ಕಾಯಿಯನ್ನು ಚೂರು ಮಾಡಿ ಮಿಕ್ಸಿಗೆ ಹಾಕಿ. ಗ್ರೈಂಡರಿನ ಕಲ್ಲು ಎತ್ತಬೇಡಿ, ಓರೆಯಾಗಿಸಿ ಹಿಟ್ಟು ಸುರಿಯುವಂಥದ್ದು ಸಿಗುತ್ತದೆ. ದಿನಾ ಬಳಸುವ ಡಬ್ಬಿಗಳು ಸೊಂಟದಿಂದ ಎದೆಯ ನಡುವಿನ ಹಲಗೆಗೆ ಇಳಿಯಲಿ. ಅಟ್ಟದ ಮೇಲಿನದು ಬೇರೆಯವರದು.

ನೀರಿನ 20 ಲೀಟರ್ ಕ್ಯಾನ್ ಬಗ್ಗಿಸಿ ಸುರಿಯುವುದಕ್ಕಿಂತ ಮೇಲೆ ಕೂರಿಸುವ ಪಂಪ್. ಬಾವಿಯಿಂದ ಸೇದುವುದು ಬೇಡವೇ ಬೇಡ. ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆ.ಜಿ., ಕಬ್ಬಿಣ ಸೇರಿ ಅದರ ಎರಡರಷ್ಟು, ಉರುಳಿಸುವುದೂ ನಿಮ್ಮ ಕೆಲಸವಲ್ಲ. ಬಟ್ಟೆಗೆ ತಾರಸಿಯ ತಂತಿಗಿಂತ ಎದೆಯೆತ್ತರದ ಸ್ಟ್ಯಾಂಡ್. ಬಕೆಟ್ ಸ್ಟೂಲಿನ ಮೇಲೆ. ಹಿಂಡಿ ನೀರಿಳಿಸುವುದು ಮೆಷಿನ್ನಿಗೆ ಬಿಡಿ. ಗುಡಿಸುವಾಗ ಗಿಡ್ಡ ಪೊರಕೆಗಿಂತ ಉದ್ದ ಹಿಡಿಯದು, ನೆಲ ಒರೆಸಲು ಕೂತು ಒರೆಸುವ ಬಟ್ಟೆಗಿಂತ ಕೋಲಿನ ಮಾಪ್.

ಹೊರಗೆ ಹೋದಾಗ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದು ಕೈ ಎತ್ತಿ ಬಿಗಿಹಿಡಿದು ನಿಲ್ಲುವ ವ್ಯಾಯಾಮವೇ, ಅದೂ ನಿಲ್ಲಿಸಲಾಗದ್ದು. ಸೀಟಿನ ಬೆನ್ನಿನ ಹಿಡಿಕೆ ಹಿಡಿಯಿರಿ, ಸೀಟು ಕೇಳಲು ಸಂಕೋಚ ಬೇಡ. ಸ್ಕೂಟರನ್ನು ನಡುಸ್ಟ್ಯಾಂಡಿಗೆ ಎಳೆಯುವುದು, ಕಿಕ್ ಹೊಡೆಯುವುದು ಬೇಡ. ಪಕ್ಕದ ಸ್ಟ್ಯಾಂಡ್, ಸೆಲ್ಫ್ ಸ್ಟಾರ್ಟ್ ಸಾಕು. ಚೀಲ ಒಂದೇ ಕೈಯಲ್ಲಿ ನೇತಾಡುವುದಕ್ಕಿಂತ ಎರಡು ಹೆಗಲಿಗೆ ಹಂಚಿದರೆ ಮೇಲು, ಅದಕ್ಕಿಂತ ಮೇಲು ಚಕ್ರದ ಚೀಲ.

ಮರುಪರೀಕ್ಷೆ 12 ವಾರಕ್ಕೆ ಮಾಡಿಸಿ. ಅದೇ ಹಲಗೆ, ಅದೇ ಗೂಟದ ಎತ್ತರ (ಮೊದಲ ಸಲದ್ದನ್ನು ಫೈಲಿನಲ್ಲಿ ಬರೆದಿಟ್ಟಿರಬೇಕು), ದಿನದ ಅದೇ ಹೊತ್ತು, ಮಾತ್ರೆ ತೆಗೆದುಕೊಂಡು ಅಷ್ಟೇ ಹೊತ್ತಾದ ಮೇಲೆ, ಆಮ್ಲಜನಕ ಬಳಸುವವರು ಅಷ್ಟೇ ಲೀಟರಿನಲ್ಲಿ. ರಿಂಗ್ ಹೆಚ್ಚಾಗದೆ ತೋಳಿನ ದಣಿವಿನ ಅಂಕ ಮಾತ್ರ ಇಳಿದಿದ್ದರೂ ಅದು ಸುಧಾರಣೆಯೇ. ರಿಂಗ್ ಹೆಚ್ಚಾಗಿ ದಮ್ಮಿನ ಅಂಕವೂ ಏರಿದ್ದರೆ ತೂಕ ಹೆಚ್ಚಿಸುವುದನ್ನು ನಿಲ್ಲಿಸಿ, ಎಕೋ ವರದಿಯ ಜೊತೆ ಎರಡೂ ಅಂಕಿಗಳನ್ನು ಪಿಎಚ್ ನೋಡುವ ವೈದ್ಯರ ಮುಂದಿಡಿ.